ಮಾತಿನ ಸ್ವಾತಂತ್ರ್ಯ ಮತ್ತು ಧಾರ್ಮಿಕ ಭಾವನೆ: ಹಾಡಿದ ಕಲ್ಯಾಣ, ಅಚ್ಚಾದ ಕಲ್ಯಾಣ

ಹನ್ನೆರಡನೆಯ ಶತಮಾನದ ಕಲ್ಯಾಣವನ್ನು ಕುರಿತು ಕನ್ನಡದಲ್ಲಿ ಎರಡು ಧಾರೆಗಳ ಮಾತು ನಡೆದುಬಂದಿದೆ. ಒಂದು ಬರಹದ ಧಾರೆ. ರಗಳೆ, ಪುರಾಣ, ವಚನ ಸಂಕಲನಗಳಿಂದ ಹಿಡಿದು ಆಧುನಿಕ ನಾಟಕ, ಕಾದಂಬರಿ, ಸಂಶೋಧನ ಪ್ರಬಂಧಗಳವರೆಗೆ ಅದು ವ್ಯಾಪಿಸಿದೆ. ಇನ್ನೊಂದು ಹಾಡಿನ ಧಾರೆ. ಹಳೆಯ ಮೈಸೂರು ಸೀಮೆಯ ನೀಲಗಾರರು ತಂಬೂರಿ ಹಿಡಿದು ಹಾಡುವ ಮಂಟೇಸ್ವಾಮಿ ಕಾವ್ಯದ ಕಲ್ಯಾಣದ ಸಾಲು ಇದರ ಮುಖ್ಯ ನಿದರ್ಶನ. ಶರಣರನ್ನು ಕುರಿತು ಈ ಸಾಲಿನಲ್ಲಿ ಬರುವ ಕಟುಮಾತು ಆಧುನಿಕ ಕೃತಿಗಳಲ್ಲಿ ಬಂದಿರುವುದಕ್ಕಿಂತ ಕಡಿಮೆಯದೇನಲ್ಲ. ಆದರೂ ಧಾರ್ಮಿಕ ಭಾವನೆಗೆ ಧಕ್ಕೆಯಾಯಿತೆಂಬ ಕಾರಣದಿಂದ ಸರ್ಕಾರ ಮುಟ್ಟುಗೋಲು ಹಾಕಿಕೊಂಡದ್ದು ಬರಹದ ಕಲ್ಯಾಣವನ್ನೇ ಹೊರತು ಹಾಡಿನ ಕಲ್ಯಾಣವನ್ನಲ್ಲ. ಈ ವ್ಯತ್ಯಾಸಕ್ಕೆ ಕಾರಣವೇನು, ಅದರಿಂದ ಅಭಿವ್ಯಕ್ತಿ ಸ್ವಾತಂತ್ರ್ಯದ ಮಿತಿಯನ್ನು ಕುರಿತ ಇಂದಿನ ಚರ್ಚೆಗೆ ದೊರೆಯಬಹುದಾದ ತಿಳಿವಳಿಕೆ ಯಾವುದು ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

1. ಸೀಮೆ ಮತ್ತು ಕಾವ್ಯ

ಮರಳವಾಡಿ, ಹಾರೋಹಳ್ಳಿ, ಕನಕಪುರ, ಸಾತನೂರುಗಳನ್ನು ಒಳಗೊಂಡ ಪ್ರದೇಶವು 2007ರಲ್ಲಿ ರಚನೆಯಾದ ರಾಮನಗರ ಜಿಲ್ಲೆಗೆ ಸೇರಿತು. ಆ ಜಿಲ್ಲೆಗೆ 2025ರಲ್ಲಿ ಬೆಂಗಳೂರು ದಕ್ಷಿಣ ಎಂಬ ಹೆಸರು ಬಂದಿತು. ಆಡಳಿತದ ಗಡಿಗಳು ಹೀಗೆ ಬದಲಾದರೂ ಸಾಂಸ್ಕೃತಿಕವಾಗಿ ಈ ಸೀಮೆಯು ಮಳವಳ್ಳಿ, ಕೊಳ್ಳೇಗಾಲಗಳ ಕಡೆಗೇ ಮುಖಮಾಡಿದೆ. ಶಿವರಾತ್ರಿಯ ಮುನ್ನ ಕನಕಪುರ, ರಾಮನಗರ, ಚನ್ನಪಟ್ಟಣ ಕಡೆಯ ಭಕ್ತರು ಸಂಗಮದ ಬಳಿ ಕಾವೇರಿಯನ್ನು ದಾಟಿ ಕಾಲ್ನಡಿಗೆಯಲ್ಲಿ ಮಾದಪ್ಪನ ಬೆಟ್ಟಕ್ಕೆ ಹೋಗುವ ರೂಢಿ ಇಂದಿಗೂ ಇದೆ. ಕನಕಪುರದಿಂದ ಮಳವಳ್ಳಿಗೆ ಹೋಗುವ ದಾರಿಯಲ್ಲಿಯೇ ಮಂಟೇಸ್ವಾಮಿ ಕಾವ್ಯದ ಪ್ರಸಿದ್ಧ ಭಾಗವೊಂದು ನಡೆಯುವ ಹಲಗೂರು ಸಿಗುತ್ತದೆ. ಕಂಸಾಳೆಯವರು ಹಾಡುವ ಮಾದೇಶ್ವರ, ನೀಲಗಾರರು ಹಾಡುವ ಮಂಟೇಸ್ವಾಮಿ ಎಂಬ ಎರಡು ಮಹಾಕಾವ್ಯಗಳ ವಲಯದ ಅಂಚಿನಲ್ಲಿ ಈ ಸೀಮೆ ಇದೆಯೆಂದು ಹೇಳಬಹುದು.

ಮಂಟೇಸ್ವಾಮಿ ಕಾವ್ಯದ ಕಥಾವಸ್ತು ಜಾನಪದ ಅಧ್ಯಯನಕಾರರಿಗೆ ಪರಿಚಿತವೇ. ಧರೆಗೆ ದೊಡ್ಡವರೆನಿಸಿದ ಮಂಟೇಸ್ವಾಮಿ ನೋಡಿದವರು ಹೇಸುವ ರೂಪದಲ್ಲಿ ಕಲ್ಯಾಣಕ್ಕೆ ಬರುತ್ತಾರೆ. ಬಾಗಿಲಲ್ಲಿ ಅವರಿಗೆ ತಡೆಯಾಗುತ್ತದೆ. ತಿಪ್ಪೆಯ ಮೇಲೆ ನೆಲೆಯಾದ ಆ ಗುರುವನ್ನು ಬಸವಣ್ಣ, ನೀಲಮ್ಮ ಕಡೆಗೆ ಗುರುತಿಸುತ್ತಾರೆ. ಆದರೆ ಬಸವಣ್ಣನ ಮನೆಯಲ್ಲಿ ಉಣ್ಣುತ್ತಿದ್ದ ಲಕ್ಷದ ಮೇಲೆ ತೊಂಬತ್ತಾರು ಸಾವಿರ ಜಂಗಮರು ಮಂಟೇಸ್ವಾಮಿ ಒಡ್ಡಿದ ಪರೀಕ್ಷೆಯಲ್ಲಿ ಸೋಲುತ್ತಾರೆ. ಜಾತಿಯನ್ನು ಮೀರಿದವರೆಂದು ಹೇಳಿಕೊಳ್ಳುತ್ತಿದ್ದವರ ಬಾಗಿಲು ಕೀಳೆನಿಸಿಕೊಂಡವನ ಮುಂದೆ ಮುಚ್ಚಿತು ಎಂಬುದು ಈ ಸಾಲಿನ ಆಕ್ಷೇಪ. ಅದು ಹೊರಗಿನ ಶತ್ರುವಿನ ಮಾತಲ್ಲ. ಕಲ್ಯಾಣದ ಆದರ್ಶವನ್ನು ಒಪ್ಪಿಕೊಂಡು, ಆ ಆದರ್ಶದಿಂದಲೇ ಕಲ್ಯಾಣವನ್ನು ಅಳೆಯುವ ಮಾತು.

ಹಲಗೂರಿನ ಪಾಂಚಾಳರ ಸಾಲಿನಲ್ಲಿ ಇದೇ ಕ್ರಮವನ್ನು ಕಾಣುತ್ತೇವೆ. ಗುರುವಿನ ಅಪ್ಪಣೆಯಂತೆ ಕಬ್ಬಿಣದ ಭಿಕ್ಷೆ ಬೇಡಲು ಬಂದ ಸಿದ್ದಪ್ಪಾಜಿಯನ್ನು ಅಲ್ಲಿನ ಪಾಂಚಾಳರು ಅನೇಕ ಬಗೆಯಲ್ಲಿ ಹಿಂಸಿಸುತ್ತಾರೆ. ಒಂದು ಕಸುಬಿನ ಸಮುದಾಯವನ್ನು ಹೆಸರು ಹೇಳಿ, ಊರು ಹೇಳಿ ಕಾವ್ಯವು ಖಂಡಿಸುತ್ತದೆ. ಆದರೆ ಹೀಗೆ ಹಿಂಸೆಗೊಳಗಾದ ಸಿದ್ದಪ್ಪಾಜಿ ಪೂರ್ವಾಶ್ರಮದಲ್ಲಿ ಆಚಾರಿಗಳ ಮನೆಯ ಹುಡುಗ ಕೆಂಪಾಚಾರಿಯೇ ಆಗಿದ್ದವನು. ಖಂಡನೆಗೊಳಗಾದ ಕುಲದಿಂದಲೇ ಕಾವ್ಯದ ನಾಯಕನು ಬಂದಿದ್ದಾನೆಂಬ ಸಂಗತಿ ನಿಂದೆಯ ಮೊನೆಯನ್ನು ಬೇರೊಂದು ದಿಕ್ಕಿಗೆ ತಿರುಗಿಸುತ್ತದೆ. ನಿಂದೆ ಇಲ್ಲಿ ಕುಲಕ್ಕಿಂತ ಹೆಚ್ಚಾಗಿ ಕುಲದ ಅಹಂಕಾರಕ್ಕೆ ತಗಲುತ್ತದೆ.

2. ನಿಂದೆಗಿರುವ ಕಟ್ಟಳೆ

ಇಂತಹ ಉದಾಹರಣೆಗಳನ್ನು ಮುಂದಿಟ್ಟುಕೊಂಡು ಜನಪದರು ಸಹಜವಾಗಿ ಸಹಿಷ್ಣುಗಳು, ಅವರಲ್ಲಿ ಮಾತಿಗೆ ಮಿತಿಯೇ ಇರಲಿಲ್ಲ ಎಂದು ಹೇಳುವ ವಾಡಿಕೆ ನಮ್ಮಲ್ಲಿದೆ. ಈ ಹೇಳಿಕೆ ಪೂರ್ಣ ಸತ್ಯವಲ್ಲ. ಮೌಖಿಕ ಪರಂಪರೆಯಲ್ಲಿ ದೈವನಿಂದೆಗೂ ಗುರುನಿಂದೆಗೂ ಅವಕಾಶವಿದ್ದಂತೆ ಕಟ್ಟಳೆಯೂ ಇದೆ. ಅದನ್ನು ನಾಲ್ಕು ನೆಲೆಗಳಲ್ಲಿ ಗುರುತಿಸಬಹುದು.

ಮೊದಲನೆಯದು ಅಧಿಕಾರ. ಕಲ್ಯಾಣದ ಸಾಲನ್ನು ಹಾಡುವವರು ದೀಕ್ಷೆ ಪಡೆದ ನೀಲಗಾರರು. ತಾನು ಹಾಡುವ ದೈವಕ್ಕೆ ತನ್ನನ್ನು ಒಪ್ಪಿಸಿಕೊಂಡವನೆಂಬ ಗುರುತು ಹಾಡುಗಾರನ ಮೇಲಿರುತ್ತದೆ. ಆದುದರಿಂದ ಅವನ ಕಟುಮಾತು ಭಕ್ತನ ಮಾತೆಂದೇ ಕೇಳುಗರನ್ನು ತಲಪುತ್ತದೆ. ಶಿಷ್ಟಪರಂಪರೆಯ ನಿಂದಾಸ್ತುತಿಯೂ ಇದೇ ತರ್ಕವನ್ನು ಅವಲಂಬಿಸಿದೆ.

ಎರಡನೆಯದು ಕಾಲ ಮತ್ತು ಸ್ಥಳ. ಕೊಡಗಿನ ದೇವರಪುರದಲ್ಲಿ ನಡೆಯುವ ಕುಂಡೆ ಹಬ್ಬವನ್ನು ಇಲ್ಲಿ ನೆನೆಯಬಹುದು. ತಮ್ಮನ್ನು ಕಾಡಿನಲ್ಲಿ ಕೈಬಿಟ್ಟು ಹೋದನೆಂದು ದೇವರನ್ನು ಅಲ್ಲಿನ ಬುಡಕಟ್ಟಿನವರು ಆ ದಿನ ಬಾಯಿಗೆ ಬಂದಂತೆ ಬೈಯುತ್ತಾರೆ. ದಾರಿಯಲ್ಲಿ ಸಿಕ್ಕವರಿಗೂ ಬೈಗುಳ ತಪ್ಪುವುದಿಲ್ಲ. ಹಬ್ಬ ಮುಗಿದ ಮೇಲೆ ಆ ಬಾಯಿ ಮುಚ್ಚುತ್ತದೆ. ಕಾಮನ ಹಬ್ಬದ ಬೈಗುಳ, ಮದುವೆಯ ಬೀಗರ ಪದಗಳಿಗೂ ಇದೇ ನಿಯಮ. ನೆರೆಯ ಕೇರಳದ ಕೊಡುಂಗಲ್ಲೂರಿನ ಭರಣಿ ಹಾಡುಗಳು ಇದೇ ಜಾತಿಗೆ ಸೇರಿದವು. ಹಬ್ಬದ ದಿನ ಸೇವೆಯಾಗುವ ಮಾತು ಮರುದಿನ ಅಪರಾಧವಾಗುತ್ತದೆ.

ಮೂರನೆಯದು ಪಾಠಾಂತರ. ಆಲ್ಬರ್ಟ್ ಲಾರ್ಡ್ 1960ರ ತಮ್ಮ ಪ್ರಸಿದ್ಧ ಗ್ರಂಥದಲ್ಲಿ ಯುಗೊಸ್ಲಾವಿಯದ ಗಾಯಕರ ಅಧ್ಯಯನದಿಂದ ತೋರಿಸಿಕೊಟ್ಟಂತೆ, ಮೌಖಿಕ ಕಾವ್ಯದಲ್ಲಿ ಪ್ರತಿಯೊಂದು ಹಾಡಿಕೆಯೂ ಹೊಸ ಪಠ್ಯ. ಕೇಳುಗರು ಯಾರು ಎಂಬುದನ್ನು ನೋಡಿ ಹಾಡುಗಾರನು ಹಿಗ್ಗಿಸುತ್ತಾನೆ, ಕುಗ್ಗಿಸುತ್ತಾನೆ, ಬಿಡುತ್ತಾನೆ. ಒಂದು ಪಾಠ ನೋಯಿಸಿದರೆ ಅದಕ್ಕೆ ಎದುರಾಗಿ ಇನ್ನೊಂದು ಪಾಠ ಹುಟ್ಟಬಲ್ಲದು. ಇದೊಂದೇ ಸರಿಯಾದ ಪಾಠವೆಂದು ಯಾರೂ ಮುದ್ರೆಯೊತ್ತುವುದಿಲ್ಲ.

ನಾಲ್ಕನೆಯದು ಪರಿಹಾರ. ಹಾಡಿನ ಮೊದಲಿಗೆ ಸ್ತುತಿ, ಕಡೆಗೆ ತಪ್ಪು ಒಪ್ಪಿಸಿಕೊಳ್ಳಬೇಕೆಂಬ ಬೇಡಿಕೆ ಇರುತ್ತದೆ. ಹಾಡಿನ ಹೊರಗೆ ನೋವಾದಾಗ ಊರಿನ ಯಜಮಾನರ ಮುಂದೆ ನ್ಯಾಯ ಸೇರುತ್ತದೆ, ದೈವಕ್ಕೆ ತಪ್ಪುಕಾಣಿಕೆ ಕಟ್ಟಿಸಲಾಗುತ್ತದೆ. ತಪ್ಪುಕಾಣಿಕೆಯ ವಿಶೇಷವೆಂದರೆ ಅದು ಆಡಿದವನನ್ನು ಸಮುದಾಯದ ಒಳಗೇ ಉಳಿಸಿಕೊಳ್ಳುತ್ತದೆ. ಕಾಣಿಕೆ ಸಂದ ಮೇಲೆ ಮಾತು ಮುಗಿಯಿತು. ಹಾಡನ್ನು ಸುಡುವ ಪ್ರಶ್ನೆ ಅಲ್ಲಿ ಏಳುವುದಿಲ್ಲ. ಏಕೆಂದರೆ ಸುಡಲು ಅಲ್ಲಿ ಪುಸ್ತಕವೇ ಇಲ್ಲ.

3. ಸಹನೆಯ ಇನ್ನೊಂದು ಮುಖ

ಈ ವ್ಯವಸ್ಥೆಯನ್ನು ಆದರ್ಶವೆಂದು ಕೊಂಡಾಡುವ ಮೊದಲು ಅದರ ಇನ್ನೊಂದು ಮುಖವನ್ನೂ ನೋಡಬೇಕಾಗುತ್ತದೆ. ಊರಿನ ನ್ಯಾಯದಲ್ಲಿ ಯಜಮಾನರು ಯಾವ ಜಾತಿಯವರು, ತಪ್ಪುಕಾಣಿಕೆ ಕಟ್ಟುವವರು ಯಾವ ಜಾತಿಯವರು ಎಂಬ ಪ್ರಶ್ನೆ ಇದ್ದೇ ಇದೆ. ಬಹಿಷ್ಕಾರವೂ ಇದೇ ನ್ಯಾಯದ ಕೈಯಲ್ಲಿದ್ದ ಅಸ್ತ್ರ. ಮೇಲಿನವರು ಆಡಿದ ಮಾತಿನಿಂದ ಕೆಳಗಿನವರಿಗೆ ಆದ ನೋವು ಈ ಕಟ್ಟೆಯ ಮುಂದೆ ನೋವೆಂದೇ ಲೆಕ್ಕಕ್ಕೆ ಬಾರದ ಸಂದರ್ಭಗಳೇ ಹೆಚ್ಚು. ಗಾದೆ, ಬೈಗುಳಗಳಲ್ಲಿ ಸೇರಿಕೊಂಡಿರುವ ಜಾತಿನಿಂದೆಯನ್ನು ಗಮನಿಸಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಇದಕ್ಕಿಂತ ಸೂಕ್ಷ್ಮವಾದ ಇನ್ನೊಂದು ಸಂಗತಿ ಇದೆ. ಕಲ್ಯಾಣದ ಸಾಲು ವಿರೋಧವಿಲ್ಲದೆ ಉಳಿದುಬಂದುದಕ್ಕೆ ಕೇಳುಗರ ಔದಾರ್ಯವೊಂದೇ ಕಾರಣವಲ್ಲ. ಅದನ್ನು ಹಾಡಿದವರೂ ಕೇಳಿದವರೂ ಹೆಚ್ಚಾಗಿ ದಲಿತರು ಮತ್ತು ಇತರ ತಳಸಮುದಾಯಗಳವರು. ಅದನ್ನು ಕೇಳಿದ್ದರೆ ನೋಯಬಹುದಾಗಿದ್ದವರಲ್ಲಿ ಬಹುಮಂದಿ ಅದನ್ನು ಕೇಳಲೇ ಇಲ್ಲ. ಕೇಳಿದರೂ ಅದು ಅವರ ಪದ ಎಂದು ಬದಿಗಿಟ್ಟರು. ಆ ಸ್ವಾತಂತ್ರ್ಯದ ಒಂದು ಪಾಲು ಅಲಕ್ಷ್ಯದಿಂದ ದೊರೆತದ್ದು. ಆದುದರಿಂದಲೇ ಅದು ಅಚ್ಚಿಗೆ ಬಂದಾಗ ಪ್ರಶ್ನೆ ಹೊಸದಾಗುತ್ತದೆ. ಪಿ.ಕೆ. ರಾಜಶೇಖರ ಅವರು 1973ರಲ್ಲಿ ಮಲೆ ಮಾದೇಶ್ವರ ಕಾವ್ಯವನ್ನೂ, ಹಿ.ಚಿ. ಬೋರಲಿಂಗಯ್ಯ ಅವರ ಸಂಪಾದಕತ್ವದಲ್ಲಿ ಹಂಪಿಯ ಕನ್ನಡ ವಿಶ್ವವಿದ್ಯಾಲಯವು 1997ರಲ್ಲಿ ಮಂಟೇಸ್ವಾಮಿ ಕಾವ್ಯವನ್ನೂ ಹೊರತಂದ ಮೇಲೆ ಇವು ಗ್ರಂಥಾಲಯದ ಸೊತ್ತಾದವು. ಎಚ್.ಎಸ್. ಶಿವಪ್ರಕಾಶ ಅವರ ನಾಟಕದ ಮೂಲಕ ಮಂಟೇಸ್ವಾಮಿಯ ಕಥೆ ನಗರದ ರಂಗಭೂಮಿಗೂ ಬಂದಿತು. ಅಲಕ್ಷ್ಯದ ನೆರಳಿನಲ್ಲಿದ್ದ ಮಾತು ಈಗ ಎಲ್ಲರ ಕಿವಿಗೂ ಬೀಳುತ್ತದೆ.

4. ಅಚ್ಚಿನ ಮಾತು ಮತ್ತು ಕಾನೂನು

ಮುದ್ರಣದಲ್ಲಿ ಮೇಲಿನ ನಾಲ್ಕು ಕಟ್ಟಳೆಗಳೂ ಸಡಿಲವಾಗುತ್ತವೆ. ಪುಸ್ತಕಕ್ಕೆ ದೀಕ್ಷೆಯಿಲ್ಲ, ಹಬ್ಬದ ದಿನವಿಲ್ಲ, ಕೇಳುಗರನ್ನು ನೋಡಿ ಬದಲಾಗುವ ಬಾಯಿಯೂ ಇಲ್ಲ. ಬಿಡಿಪುಟವೊಂದು ಯಾರ ಕೈಯಲ್ಲಿಯಾದರೂ ಸಂದರ್ಭ ಕಳೆದುಕೊಂಡು ಓದಿಸಿಕೊಳ್ಳಬಹುದು. ಹೀಗೆ ತೆರವಾದ ಜಾಗಕ್ಕೆ ಪ್ರಭುತ್ವದ ಕಾನೂನು ಬಂದಿತು.

ಲಾಹೋರಿನಲ್ಲಿ 1924ರಲ್ಲಿ ಪ್ರಕಟವಾದ, ಪ್ರವಾದಿಯವರನ್ನು ಕುರಿತ ಅವಹೇಳನದ ಪುಸ್ತಿಕೆಯೊಂದರ ಪ್ರಕಾಶಕರು 1927ರಲ್ಲಿ ಅಲ್ಲಿನ ಹೈಕೋರ್ಟಿನಿಂದ ಬಿಡುಗಡೆಗೊಂಡರು. ಅಂದಿನ ಕಾನೂನಿನಲ್ಲಿ ಅದಕ್ಕೆ ಸರಿಯಾದ ಕಲಮು ಇರಲಿಲ್ಲ. ಅದೇ ವರ್ಷ ಭಾರತೀಯ ದಂಡ ಸಂಹಿತೆಗೆ 295ಎ ಕಲಮು ಸೇರಿತು. 1929ರಲ್ಲಿ ಆ ಪ್ರಕಾಶಕರ ಹತ್ಯೆಯಾಯಿತು. ಉದ್ದೇಶಪೂರ್ವಕವಾಗಿ ಹಾಗೂ ದುರ್ಭಾವನೆಯಿಂದ ಒಂದು ವರ್ಗದ ಧರ್ಮವನ್ನು ಅಪಮಾನಿಸಿದರೆ ಮಾತ್ರ ಈ ಕಲಮಿನ ಪ್ರಕಾರ ಅಪರಾಧ. ಸಂವಿಧಾನದ 19(2)ನೆಯ ವಿಧಿಯಲ್ಲಿ ಧಾರ್ಮಿಕ ಭಾವನೆ ಎಂಬ ಕಾರಣ ಪ್ರತ್ಯೇಕವಾಗಿ ಇಲ್ಲ. ಅಲ್ಲಿರುವುದು ಸಾರ್ವಜನಿಕ ಸುವ್ಯವಸ್ಥೆ ಮೊದಲಾದ ಕಾರಣಗಳು. ರಾಮ್‌ಜಿ ಲಾಲ್ ಮೋದಿ ಪ್ರಕರಣದಲ್ಲಿ 1957ರಲ್ಲಿ ಸುಪ್ರೀಂ ಕೋರ್ಟು ಈ ಕಲಮನ್ನು ಎತ್ತಿಹಿಡಿದದ್ದು, ದುರುದ್ದೇಶದ ತೀವ್ರ ಅಪಮಾನವು ಸುವ್ಯವಸ್ಥೆಯನ್ನು ಕೆಡಿಸುವ ಸ್ವಭಾವದ್ದೆಂಬ ನೆಲೆಯಲ್ಲಿ. 2024ರ ಜುಲೈ 1ರಿಂದ ಈ ಕಲಮು ಭಾರತೀಯ ನ್ಯಾಯ ಸಂಹಿತೆಯ 299ನೆಯ ಕಲಮಾಗಿ ಮುಂದುವರಿದಿದೆ.

ಆಡಿದವನ ಉದ್ದೇಶವನ್ನು ಕೇಳುವ ದೃಷ್ಟಿಯಿಂದ ಈ ಕಾನೂನು ಜನಪದ ನ್ಯಾಯಕ್ಕೆ ದೂರವಾದುದೇನಲ್ಲ. ಅಂತರ ಕಾಣುವುದು ಪುಸ್ತಕವನ್ನು ಮುಟ್ಟುಗೋಲು ಹಾಕುವ ಅಧಿಕಾರದಲ್ಲಿ. ಅಪರಾಧ ಪ್ರಕ್ರಿಯಾ ಸಂಹಿತೆಯ 95ನೆಯ ಕಲಮು, ಅಂದರೆ ಇಂದಿನ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 98ನೆಯ ಕಲಮು, ಈ ಅಧಿಕಾರವನ್ನು ರಾಜ್ಯ ಸರ್ಕಾರಕ್ಕೆ ಕೊಡುತ್ತದೆ. ಯಾರ ಮೇಲೂ ಅಪರಾಧ ಸಾಬೀತಾಗುವ ಮೊದಲೇ ಸರ್ಕಾರವು ತನ್ನ ಅಭಿಪ್ರಾಯಕ್ಕೆ ಆಧಾರಗಳನ್ನು ನಮೂದಿಸಿ ಅಧಿಸೂಚನೆ ಹೊರಡಿಸಬಹುದು. ಅದನ್ನು ಎರಡು ತಿಂಗಳೊಳಗೆ ಹೈಕೋರ್ಟಿನಲ್ಲಿ ಪ್ರಶ್ನಿಸಬಹುದು. ಆದರೆ ದುರುದ್ದೇಶವಿರಲಿಲ್ಲವೆಂದು ತೋರಿಸುವ ಹೊಣೆ ಪ್ರಶ್ನಿಸಿದವರ ಮೇಲೆ ಬೀಳುತ್ತದೆ.

5. ಎರಡು ಮುಟ್ಟುಗೋಲುಗಳು

ಕರ್ನಾಟಕದಲ್ಲಿ ಈ ಅಧಿಕಾರದ ಬಳಕೆಯಾದ ಎರಡು ಮುಖ್ಯ ಪ್ರಕರಣಗಳು ಕಲ್ಯಾಣಕ್ಕೇ ಸಂಬಂಧಿಸಿದವು. ಪಿ.ವಿ. ನಾರಾಯಣ ಅವರ ಧರ್ಮಕಾರಣ ಕಾದಂಬರಿ 1995ರಲ್ಲಿ ಪ್ರಕಟವಾಯಿತು. ಅಕ್ಕನಾಗಮ್ಮ ಮತ್ತು ಚೆನ್ನಬಸವಣ್ಣನವರ ಜನನವನ್ನು ಕುರಿತ ಅದರ ನಿರೂಪಣೆ ಬಸವಣ್ಣನವರ ಅನುಯಾಯಿಗಳ ಭಾವನೆಗೆ ಧಕ್ಕೆ ತರುತ್ತದೆಂಬ ವಿರೋಧ ಬಂದು, ಸರ್ಕಾರವು 1997ರಲ್ಲಿ ಅದನ್ನು ಮುಟ್ಟುಗೋಲು ಹಾಕಿಕೊಂಡಿತು. ಬರಗೂರು ರಾಮಚಂದ್ರಪ್ಪ ಮೊದಲಾದವರು ಇದನ್ನು ಪ್ರಶ್ನಿಸಿದರು. ಹೈಕೋರ್ಟಿನಲ್ಲಿ ಸೋತ ಮೇಲೆ ಪ್ರಕರಣ ಸುಪ್ರೀಂ ಕೋರ್ಟಿಗೆ ಹೋಗಿ, 2007ರಲ್ಲಿ ಅಲ್ಲಿಯೂ ಸರ್ಕಾರದ ಆದೇಶವೇ ಉಳಿಯಿತು.

ಎರಡನೆಯದು ಮಾತೆ ಮಹಾದೇವಿಯವರ ಬಸವ ವಚನ ದೀಪ್ತಿ. ಬಸವಣ್ಣನವರ ವಚನಗಳ ಅಂಕಿತವನ್ನು ಕೂಡಲಸಂಗಮದೇವ ಎಂಬುದರ ಬದಲು ಲಿಂಗದೇವ ಎಂದು ಮಾರ್ಪಡಿಸಿದ್ದು ವಿವಾದಕ್ಕೆ ಕಾರಣವಾಯಿತು. 1998ರಲ್ಲಿ ಆ ಗ್ರಂಥ ಮುಟ್ಟುಗೋಲಾಯಿತು. 2017ರಲ್ಲಿ ಸುಪ್ರೀಂ ಕೋರ್ಟು ಆ ಆದೇಶವನ್ನು ಎತ್ತಿಹಿಡಿಯಿತು.

ಈ ಎರಡು ಪ್ರಕರಣಗಳ ಸ್ವರೂಪ ಬೇರೆ ಬೇರೆ. ಮೊದಲನೆಯದರಲ್ಲಿ ಹೊರನೋಟದ ಲೇಖಕನ ಕಲ್ಪನೆ ಆಕ್ಷೇಪಕ್ಕೆ ಗುರಿಯಾಯಿತು. ಎರಡನೆಯದರಲ್ಲಿ ಬಸವಣ್ಣನವರನ್ನೇ ಆರಾಧಿಸುತ್ತಿದ್ದ ಧರ್ಮಪೀಠವೊಂದರ ಅಧ್ಯಕ್ಷರ ಪಾಠ ನಿಷೇಧಕ್ಕೊಳಗಾಯಿತು. ಭಕ್ತಿಯ ಅಧಿಕಾರ ಹಾಡುಗಾರನನ್ನು ಕಾಯುತ್ತದೆ, ಗ್ರಂಥಕರ್ತರನ್ನು ಕಾಯಲಿಲ್ಲ. ಜಾನಪದ ವಿದ್ವಾಂಸರಿಗೆ ಎರಡನೆಯ ಪ್ರಕರಣ ಹೆಚ್ಚು ವಿಚಾರಾರ್ಹ. ಅಂಕಿತ ಬದಲಾವಣೆ, ಅಂಕಿತ ಲೋಪ, ಒಬ್ಬರ ಹಾಡಿಗೆ ಇನ್ನೊಬ್ಬರ ಮುದ್ರೆ ಸೇರುವುದು ತತ್ವಪದ ಹಾಗೂ ಭಜನೆಯ ಪರಂಪರೆಯಲ್ಲಿ ಸಾಮಾನ್ಯ ಸಂಗತಿಗಳು. ಅಚ್ಚಿನಲ್ಲಿ ಅದೇ ಕ್ರಿಯೆ ಮೂಲವನ್ನು ತಿದ್ದಿದ ಅಪರಾಧವೆನಿಸುತ್ತದೆ. ಗ್ರಂಥಸಂಪಾದನೆಯ ಶಾಸ್ತ್ರದ ಪ್ರಕಾರ ಇಂತಹ ತಿದ್ದುಪಡಿ ದೋಷವೆಂಬುದರಲ್ಲಿ ಸಂಶಯವಿಲ್ಲ. ಆದರೆ ಸಂಪಾದನೆಯ ದೋಷಕ್ಕೆ ಉತ್ತರ ಕೊಡಬೇಕಾದುದು ಇನ್ನೊಂದು ಸಂಪಾದನೆಯೇ, ಅಧಿಸೂಚನೆಯೇ ಎಂಬ ಪ್ರಶ್ನೆ ಉಳಿಯುತ್ತದೆ.

ಕಾನೂನಿನ ಹೊರಗಿನ ಒತ್ತಡವನ್ನೂ ಇಲ್ಲಿ ಮರೆಯುವಂತಿಲ್ಲ. ಎಂ.ಎಂ. ಕಲಬುರ್ಗಿಯವರು ಮಾರ್ಗ ಸಂಪುಟದಲ್ಲಿ ಬಸವಣ್ಣನವರ ಕುಟುಂಬವನ್ನು ಕುರಿತು ಮಂಡಿಸಿದ ಕೆಲವು ನಿಲುವುಗಳನ್ನು 1989ರಲ್ಲಿ ಹಿಂತೆಗೆದುಕೊಳ್ಳಬೇಕಾಯಿತು. ಅಲ್ಲಿ ಸರ್ಕಾರದ ಅಧಿಸೂಚನೆಯಾಗಲಿ ನ್ಯಾಯಾಲಯದ ತೀರ್ಪಾಗಲಿ ಇರಲಿಲ್ಲ. ಊರಿನ ಕಟ್ಟೆಯ ನ್ಯಾಯದ ಬಹಿಷ್ಕಾರ ಶಕ್ತಿ ಮಾತ್ರ ಅಲ್ಲಿ ಉಳಿದುಕೊಂಡಿತ್ತು, ಅದರ ರಾಜಿಯ ಗುಣ ಕಳೆದುಹೋಗಿತ್ತು. ತಪ್ಪುಕಾಣಿಕೆ ಕಟ್ಟಿದವನನ್ನು ಊರು ಮತ್ತೆ ಸೇರಿಸಿಕೊಳ್ಳುತ್ತದೆ. ಮಾತು ಹಿಂತೆಗೆದುಕೊಂಡ ವಿದ್ವಾಂಸನ ಬಗೆಗಿನ ದ್ವೇಷ ಹಾಗೆ ತೀರುವುದಿಲ್ಲ. 2015ರ ಆಗಸ್ಟ್ 30ರಂದು ಧಾರವಾಡದ ತಮ್ಮ ಮನೆಯಲ್ಲಿ ಕಲಬುರ್ಗಿಯವರು ಗುಂಡಿಗೆ ಬಲಿಯಾದರು. ಆ ಹತ್ಯೆಯ ಕಾರಣ ಮತ್ತು ಹೊಣೆಯನ್ನು ನಿರ್ಣಯಿಸುವುದು ನ್ಯಾಯಾಲಯದ ಕೆಲಸ. ಸಂಶೋಧನೆಯ ಮೇಲೆ ಅದು ಬೀರಿದ ಭಯವನ್ನು ಮಾತ್ರ ಈ ಕ್ಷೇತ್ರದಲ್ಲಿರುವ ಎಲ್ಲರೂ ಬಲ್ಲರು.

6. ಹೆಸರಿನ ಪ್ರಶ್ನೆ

ಭಾವನೆ ನೋಯಲು ದೀರ್ಘವಾದ ಕೃತಿ ಬೇಕಾಗಿಲ್ಲ, ಒಂದು ಹೆಸರು ಸಾಕು. 1986ರ ಡಿಸೆಂಬರಿನಲ್ಲಿ ಬೆಂಗಳೂರಿನ ಇಂಗ್ಲಿಷ್ ಪತ್ರಿಕೆಯೊಂದು ಮಲಯಾಳಂ ಕಥೆಯ ಅನುವಾದವನ್ನು ಪ್ರಕಟಿಸಿತು. ಕಥೆಯಲ್ಲಿದ್ದವನು ಮಹಮ್ಮದ್ ಎಂಬ ಹೆಸರಿನ ಒಬ್ಬ ಬಡಪಾಯಿ. ಪ್ರವಾದಿಯವರಿಗೂ ಆ ಪಾತ್ರಕ್ಕೂ ಸಂಬಂಧವಿರಲಿಲ್ಲ. ಆದರೆ ಶೀರ್ಷಿಕೆಯಲ್ಲಿ ಆ ಹೆಸರಿನೊಡನೆ ಸೇರಿದ ಹೀನಾರ್ಥದ ಪದ ಸಾಕಾಯಿತು. ಬೆಂಗಳೂರು, ಮೈಸೂರುಗಳಲ್ಲಿ ಗಲಭೆಯಾಗಿ ಹಲವರು ಪ್ರಾಣ ಕಳೆದುಕೊಂಡರು. ಮೂಲದ ಓದುಗರಿಗೆ ಸಹಜವಾಗಿದ್ದ ಹೆಸರು ಮತ್ತೊಂದು ಭಾಷೆಯಲ್ಲಿ, ಮತ್ತೊಂದು ನಗರದಲ್ಲಿ ಬೇರೆಯೇ ಅರ್ಥ ಪಡೆಯಿತು. ಪಠ್ಯವು ತನ್ನ ಕೇಳುಗರನ್ನು ಕಳೆದುಕೊಂಡಾಗ ಏನಾಗಬಹುದೆಂಬುದಕ್ಕೆ ಇದಕ್ಕಿಂತ ನೋವಿನ ನಿದರ್ಶನ ನಮ್ಮಲ್ಲಿ ಕಡಿಮೆ.

ಕನಕಪುರ ಸೀಮೆಯ ಹಾರೋಬೆಲೆಯ ಬೆಟ್ಟದ ವಿವಾದವೂ ಒಂದರ್ಥದಲ್ಲಿ ಹೆಸರಿನದೇ. 2019ರ ಡಿಸೆಂಬರಿನಲ್ಲಿ ಅಲ್ಲಿ 114 ಅಡಿ ಎತ್ತರದ ಯೇಸುಕ್ರಿಸ್ತನ ಪ್ರತಿಮೆಗೆ ಶಂಕುಸ್ಥಾಪನೆಯಾದಾಗ, ಅಲ್ಲಿನ ಕ್ರೈಸ್ತರು ಕಪಾಲ ಬೆಟ್ಟವೆಂದು ಕರೆಯುವ ಸ್ಥಳವನ್ನು ವಿರೋಧಿಸಿದವರು ಮುನೇಶ್ವರ ಬೆಟ್ಟವೆಂದರು. 2020ರ ಜನವರಿಯಲ್ಲಿ ಕನಕಪುರದಲ್ಲಿ ಪ್ರತಿಭಟನೆಯ ಮೆರವಣಿಗೆ ನಡೆಯಿತು. ಭೂಮಿ ಮಂಜೂರಾತಿಯ ಪ್ರಶ್ನೆ ಕಂದಾಯ ಇಲಾಖೆಗೆ ಸೇರಿದುದು. ಜಾನಪದದ ದೃಷ್ಟಿಯಿಂದ ಹೇಳಬಹುದಾದುದಿಷ್ಟು: ಒಂದೇ ಬೆಟ್ಟಕ್ಕೆ, ಕೆರೆಗೆ, ಕಲ್ಲಿಗೆ ಎರಡು ಸಮುದಾಯಗಳು ಎರಡು ಹೆಸರು, ಎರಡು ಐತಿಹ್ಯಗಳನ್ನು ಇಟ್ಟುಕೊಂಡು ಬಾಳುವುದು ಬಾಯಿಮಾತಿನ ಲೋಕದಲ್ಲಿ ಸಾಧ್ಯ. ದಾಖಲೆಯಾಗಲಿ ಪ್ರತಿಮೆಯಾಗಲಿ ಮುಂದೆ ಬಂದಾಗ ಒಂದು ಹೆಸರೇ ಉಳಿಯಬೇಕೆಂಬ ಒತ್ತಾಯ ಹುಟ್ಟುತ್ತದೆ. ಆಗ ನೆರೆಯವನ ಐತಿಹ್ಯವೇ ತನ್ನ ನಂಬಿಕೆಗೆ ಅಪಮಾನವಾಗಿ ಕಾಣುತ್ತದೆ.

7. ಸಮಾರೋಪ

ಮೇಲಿನ ವಿವೇಚನೆಯಿಂದ ಮೂರು ತೀರ್ಮಾನಗಳನ್ನು ಮುಂದಿಡಬಹುದು. ಒಂದು, ಧಾರ್ಮಿಕ ವಿಷಯದಲ್ಲಿ ಮಾತಿಗೆ ಮಿತಿ ಇರಬೇಕೆ ಬೇಡವೆ ಎಂಬ ಪ್ರಶ್ನೆ ಹೆಚ್ಚು ಫಲದಾಯಕವಲ್ಲ. ಮಿತಿಯಿಲ್ಲದ ಪರಂಪರೆ ಯಾವುದೂ ಇಲ್ಲ. ಆ ಮಿತಿಯನ್ನು ಯಾರು, ಯಾವ ಕ್ರಮದಲ್ಲಿ, ಯಾವ ಪರಿಹಾರದೊಂದಿಗೆ ಗುರುತಿಸುತ್ತಾರೆ ಎಂಬುದೇ ನಿರ್ಣಾಯಕ. ಎರಡು, ಮೌಖಿಕ ಪರಂಪರೆಯ ಮಿತಿಗಳು ಆಡಿದವನಿಗೂ ನೊಂದವನಿಗೂ ಮುಂದಿನ ಮಾತಿನ ಅವಕಾಶವನ್ನು ಉಳಿಸುತ್ತವೆ. ಮುಟ್ಟುಗೋಲು ಆ ಅವಕಾಶವನ್ನು ಮುಚ್ಚುತ್ತದೆ. ನಿಷೇಧಿತ ಗ್ರಂಥವನ್ನು ಖಂಡಿಸಬೇಕೆನ್ನುವ ವಿದ್ವಾಂಸನಿಗೂ ಆ ಗ್ರಂಥ ದೊರೆಯದಂತಾಗುತ್ತದೆ. ಹಿಂಸೆಗೆ ನೇರವಾಗಿ ಪ್ರಚೋದಿಸುವ ಬರಹವನ್ನು ತಡೆಯುವ ಅಧಿಕಾರ ಪ್ರಭುತ್ವಕ್ಕೆ ಇರಲೇಬೇಕು. ಆದರೆ ಐತಿಹ್ಯದ ಪಾಠಭೇದ, ಕಾದಂಬರಿಯ ಊಹೆ, ಸಂಶೋಧನೆಯ ತರ್ಕಗಳನ್ನು ಇದೇ ತಕ್ಕಡಿಯಲ್ಲಿ ತೂಗಿದರೆ ಪ್ರಚೋದನೆಗೂ ಭಿನ್ನಮತಕ್ಕೂ ಇರುವ ಅಂತರ ಅಳಿಸಿಹೋಗುತ್ತದೆ. ಮೂರು, ಈ ಪರಂಪರೆಯ ಜಾತಿಯಾಧಾರಿತ ದಂಡನೆಯನ್ನು ಇಂದಿಗೆ ತರುವಂತಿಲ್ಲ. ತರಬೇಕಾದುದು ಪಾಠಕ್ಕೆ ಪಾಠಾಂತರದಿಂದ ಉತ್ತರಿಸುವ ಕ್ರಮವನ್ನು ಮತ್ತು ತಪ್ಪಿದವನನ್ನು ಒಳಗೇ ಉಳಿಸಿಕೊಳ್ಳುವ ಗುಣವನ್ನು.

ಸಂಗ್ರಾಹಕರಾದ ನಮ್ಮ ಮೇಲೆ ಇದರಿಂದ ಒಂದು ಹೊಣೆ ಬೀಳುತ್ತದೆ. ಹಾಡನ್ನು ಅಚ್ಚಿಗೆ ತರುವಾಗ ಯಾರು, ಎಲ್ಲಿ, ಯಾವ ಸಂದರ್ಭದಲ್ಲಿ, ಯಾರ ಮುಂದೆ ಹಾಡಿದರೆಂಬ ವಿವರಗಳನ್ನು ಬಿಟ್ಟುಬಿಟ್ಟರೆ ಆ ಹಾಡನ್ನು ಕಾಯುತ್ತಿದ್ದ ಕಟ್ಟಳೆಗಳನ್ನೆಲ್ಲ ನಾವೇ ಕಿತ್ತು ಹಾಕಿದಂತಾಗುತ್ತದೆ. ನೋವಾಗಬಹುದೆಂದು ಕಟುವಾದ ಸಾಲುಗಳನ್ನು ಕೈಬಿಟ್ಟರೆ ಕಲ್ಯಾಣದ ಬಾಗಿಲಲ್ಲಿ ಮಂಟೇಸ್ವಾಮಿಯನ್ನು ಮತ್ತೊಮ್ಮೆ ತಡೆದಂತಾಗುತ್ತದೆ. ಸಾಲುಗಳನ್ನು ಪೂರ್ತಿಯಾಗಿ, ಅವುಗಳ ಸಂದರ್ಭದೊಡನೆ, ದೊರೆತಷ್ಟು ಪಾಠಾಂತರಗಳೊಡನೆ ಪ್ರಕಟಿಸುವುದೇ ಸಂಪಾದಕನಿಗೆ ಉಳಿದಿರುವ ದಾರಿ.